ಚಿಂದಿಯಲ್ಲಿ ಚೈತ್ರ

ಯುಗಾದಿ ಸಮೀಪಿಸಿತೆಂದರೆ ಮನೆಮನೆಯಲ್ಲಿಯೂ ಧೂಳು ಕೊಡಹುವ ಸಂಭ್ರಮ. ಅಟ್ಟದ ಮೇಲಿನ ಪೆಟ್ಟಿಗೆಗಳು ಕೆಳಗಿಳಿಯುತ್ತವೆ, ಕಪಾಟುಗಳು ಬರಿದಾಗುತ್ತವೆ. ಕಳೆದ ವರ್ಷದ ಕ್ಯಾಲೆಂಡರು, ಮುಗಿದುಹೋದ ಮದುವೆಗಳ ಲಗ್ನಪತ್ರಿಕೆಗಳು, ದರ್ಜಿಯು ಹಿಂದಿರುಗಿಸಿದ ರವಿಕೆಯ ತುಣುಕುಗಳು, ಜೋಡಿ ತಪ್ಪಿದ ಗುಂಡಿಗಳು, ಸವೆದ ಸೀರೆಯ ಸೆರಗು—ಇವೆಲ್ಲ ಒಂದು ಮೂಲೆಯಲ್ಲಿ ರಾಶಿಯಾಗಿ ಕಸದ ಗಾಡಿಯ ದಾರಿಯನ್ನು ಕಾಯುತ್ತವೆ. ಹೊರಗೆ ನೋಡಿದರೆ, ಎಲೆಯನ್ನೆಲ್ಲ ಉದುರಿಸಿ ಬರಿಗೊಂಬೆಯಾಗಿ ನಿಂತ ಮುತ್ತುಗದ ಮರವು ಮೈತುಂಬ ಕೆಂಡದ ಬಣ್ಣದ ಹೂ ತಳೆದಿರುತ್ತದೆ. ಒಳಗಿನ ಈ ರಾಶಿಗೂ ಹೊರಗಿನ ಆ ಹೂವಿಗೂ ನಂಟು ಬೆಳೆಸುವ ಕಲೆಯೊಂದುಂಟು. ಅದೇ ಕೊಲಾಜ್; ಕನ್ನಡದಲ್ಲಿ ಹೇಳುವುದಾದರೆ ಅಂಟುಚಿತ್ರ.

‘ಅಂಟಿಸು’ ಎಂಬರ್ಥದ ಫ್ರೆಂಚ್ ಧಾತುವಿನಿಂದ ಬಂದ ಶಬ್ದವಿದು. 1912ರಲ್ಲಿ ಪಿಕಾಸೋ ತನ್ನ ಚಿತ್ರವೊಂದರ ಮೇಲೆ ಬೆತ್ತದ ಹೆಣಿಗೆಯ ಅಚ್ಚುಳ್ಳ ಎಣ್ಣೆಬಟ್ಟೆಯ ತುಂಡನ್ನು ಅಂಟಿಸಿ, ಚೌಕಟ್ಟಿನ ಸ್ಥಾನದಲ್ಲಿ ಹಗ್ಗವನ್ನು ಸುತ್ತಿದನು. ಬಣ್ಣ, ಕುಂಚಗಳೇ ಚಿತ್ರದ ಸರ್ವಸ್ವವೆಂಬ ನಂಬಿಕೆ ಅಂದು ಸಡಿಲಿತೆಂದು ಕಲಾ ಇತಿಹಾಸಕಾರರು ಹೇಳುತ್ತಾರೆ. ಆದರೆ ಅದಕ್ಕೂ 140 ವರ್ಷಗಳ ಹಿಂದೆಯೇ, ಯಾವ ಕ್ರಾಂತಿಯ ಹಂಬಲವೂ ಇಲ್ಲದೆ, ಒಬ್ಬ ವೃದ್ಧೆ ಕತ್ತರಿ ಹಿಡಿದು ಕುಳಿತಿದ್ದಳು.

ಎಪ್ಪತ್ತೆರಡರಲ್ಲಿ ಬಂದ ವಸಂತ

ಇಂಗ್ಲೆಂಡಿನ ಮೇರಿ ಡಿಲೇನಿ ಹುಟ್ಟಿದ್ದು 1700ರಲ್ಲಿ. 1768ರಲ್ಲಿ ಪತಿಯನ್ನು ಕಳೆದುಕೊಂಡ ಆಕೆ ತನ್ನ ಗೆಳತಿ ಪೋರ್ಟ್‌ಲೆಂಡಿನ ಡಚೆಸ್‌ಳ ಮನೆಯಲ್ಲಿ ಬಹುಕಾಲ ಕಳೆಯುತ್ತಿದ್ದಳು. 1772ರ ಒಂದು ದಿನ, ಮೇಜಿನ ಮೇಲಿದ್ದ ಕೆಂಪು ಜಿರೇನಿಯಂ ಹೂವಿಗೂ ಪಕ್ಕದಲ್ಲಿ ಬಿದ್ದಿದ್ದ ಕಾಗದದ ಚೂರಿಗೂ ಬಣ್ಣ ಒಂದೇ ಆಗಿರುವುದು ಆಕೆಯ ಕಣ್ಣಿಗೆ ಬಿತ್ತು. ಕತ್ತರಿ ತೆಗೆದುಕೊಂಡು ಎಸಳುಗಳನ್ನು ಒಂದೊಂದಾಗಿ ಕತ್ತರಿಸಿ ಜೋಡಿಸಿದಳು. ಒಳಬಂದ ಗೆಳತಿ ಅದನ್ನು ನಿಜವಾದ ಹೂವೆಂದೇ ಭ್ರಮಿಸಿದಳಂತೆ.

ಆಗ ಆಕೆಗೆ ವಯಸ್ಸು ಎಪ್ಪತ್ತೆರಡು. ಮುಂದಿನ ಹತ್ತು ವರ್ಷಗಳಲ್ಲಿ ಅಂಥ 985 ಪುಷ್ಪಚಿತ್ರಗಳು ಆಕೆಯ ಕೈಯಿಂದ ಮೂಡಿದವು. ಕಪ್ಪು ಹಿನ್ನೆಲೆಯ ಮೇಲೆ ಕೂದಲೆಳೆಯಷ್ಟು ಸಣ್ಣ ಚೂರುಗಳು. ಒಂದೊಂದು ಹೂವಿನಲ್ಲಿ ಕೆಲವೊಮ್ಮೆ ನೂರಾರು. ಬಣ್ಣ ಹರಡಿ ಕೆಟ್ಟುಹೋದ ಕಾಗದವೂ ಆಕೆಗೆ ಬೇಡವಾಗಲಿಲ್ಲ; ಆ ಕಲೆಯೇ ಎಸಳಿನ ನೆರಳಾಗುತ್ತಿತ್ತು. ಅಲ್ಲಲ್ಲಿ ನಿಜವಾದ ಒಣಗಿದ ಎಲೆಯನ್ನೂ ಸೇರಿಸಿದ್ದುಂಟು. ಸಾವಿರವನ್ನು ಮುಟ್ಟಬೇಕೆಂಬುದು ಆಕೆಯ ಆಸೆ. ಆದರೆ 1782ರಲ್ಲಿ ಕಣ್ಣು ಮಂಜಾಯಿತು, ಕತ್ತರಿ ಕೆಳಗಿಟ್ಟಳು. 1788ರಲ್ಲಿ ತೀರಿಕೊಂಡಳು. ಆ ಚಿತ್ರಗಳು ಇಂದಿಗೂ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ.

ಆಕೆಯ ಹಿರಿಮೆ ಕತ್ತರಿಯ ಕೈಚಳಕದಲ್ಲಿ ಮಾತ್ರವಲ್ಲ. ಎಸೆಯಬಹುದಾದ ಚೂರಿನಲ್ಲಿ ಎಸಳನ್ನು ಕಂಡ ಆ ಕಣ್ಣಿನಲ್ಲಿದೆ.

ನಮ್ಮ ಕೌದಿಯ ಹೂ

ಇಂಥ ಕಣ್ಣಿಗಾಗಿ ಕಡಲು ದಾಟಬೇಕಾಗಿಲ್ಲ. ಹಳೆಯ ಸೀರೆ, ಧೋತರ, ಕುಪ್ಪಸಗಳನ್ನು ಜೋಡಿಸಿ ಕೌದಿ ಹೊಲಿಯುವುದು ಉತ್ತರ ಕರ್ನಾಟಕದ ಮನೆಗಳಲ್ಲಿ ತಲೆಮಾರುಗಳಿಂದ ನಡೆದುಬಂದಿದೆ. ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಮಹಿಳೆಯರು ಅಂಚಿನಿಂದ ಹೊಲಿಗೆ ತೊಡಗಿ ಸುತ್ತುತ್ತ ಸುತ್ತುತ್ತ ನಡುವನ್ನು ತಲಪುತ್ತಾರೆ. ಮೂಲೆಗಳಲ್ಲಿ ಬಟ್ಟೆಯ ತುಣುಕುಗಳನ್ನು ಮಡಿಸಿ ಇಡುವ ಅಲಂಕಾರಕ್ಕೆ ಅವರು ‘ಫೂಲ’, ಅರ್ಥಾತ್ ಹೂ, ಎನ್ನುತ್ತಾರೆ. ಆ ಹೂವಿಲ್ಲದೆ ಕೌದಿ ಪೂರ್ಣವಲ್ಲ. ಮೈ ಬೆಚ್ಚಗಿಡಲು ಹೂವು ಬೇಕಿಲ್ಲ, ಮನಸ್ಸಿಗೆ ಬೇಕು.

ಮಾಡುವ ಬಗೆ

ಮುತ್ತುಗದ ಕೊಂಬೆಯೊಂದನ್ನು ವಸ್ತುವಾಗಿ ಆರಿಸಿಕೊಂಡರೆ ಮೊದಲ ಯತ್ನಕ್ಕೆ ಅನುಕೂಲ, ಎಲೆಗಳ ತೊಡಕಿಲ್ಲ. ಸಾಮಾನು ಬಂದ ರಟ್ಟಿನ ಪೆಟ್ಟಿಗೆಯಿಂದ 12 ಅಂಗುಲ ಅಗಲ, 16 ಅಂಗುಲ ಎತ್ತರದ ತುಂಡನ್ನು ಕತ್ತರಿಸಿಕೊಳ್ಳಬೇಕು. ಅದರ ಎರಡು ಬದಿಗೂ ಬಿಳಿಯ ಕಾಗದ ಅಂಟಿಸುವುದು ಅವಶ್ಯಕ. ಒಂದೇ ಬದಿಗೆ ಅಂಟಿಸಿದರೆ ಕಾಗದವು ಒಣಗುವಾಗ ಎಳೆದು, ರಟ್ಟು ಹಪ್ಪಳದಂತೆ ಬಾಗುತ್ತದೆ.

ಕಾಗದಕ್ಕೆ ಮೈದಾ ಅಂಟು ಸಾಕು. ಒಂದು ಅಳತೆ ಮೈದಾವನ್ನು ಐದು ಅಳತೆ ನೀರಿನಲ್ಲಿ ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ಕೈಯಾಡಿಸುತ್ತ ಕಾಯಿಸಿ, ಆರಿಸಿಕೊಳ್ಳಬೇಕು. ಪುಸ್ತಕ ಕಟ್ಟುವವರು ಹುಳು ಹತ್ತದಿರಲೆಂದು ಅದಕ್ಕೆ ಮೈಲುತುತ್ತ ಬೆರೆಸುವುದುಂಟು. ಅದು ವಿಷವಾದ್ದರಿಂದ ಮಕ್ಕಳಿರುವ ಮನೆಯಲ್ಲಿ ಸಲ್ಲದು. ಅಂದಂದಿಗೆ ಬೇಕಾದಷ್ಟೇ ಕಾಯಿಸಿ, ತೆಳುವಾಗಿ ಹಚ್ಚಿ, ಚೆನ್ನಾಗಿ ಒಣಗಿಸಿದರಾಯಿತು. ಬಟ್ಟೆ, ಗೋಣಿ, ಗುಂಡಿಗಳಿಗೆ ಫೆವಿಕಾಲ್ ಬೇಕಾಗುತ್ತದೆ.

ಆಕಾಶಕ್ಕೆ ಹಳೆಯ ಕ್ಯಾಲೆಂಡರಿನ ನೀಲಿ ಭಾಗವನ್ನು ಕತ್ತರಿಸದೆ ಕೈಯಿಂದ ಹರಿಯಬೇಕು. ಹರಿದ ಅಂಚಿನಲ್ಲಿ ಕಾಣುವ ಬಿಳಿಯ ನಾರು ತಾನಾಗಿ ಮೋಡದ ಅಂಚಾಗುತ್ತದೆ. ದಿನಪತ್ರಿಕೆಯ ಕಾಗದವು ಕಾಲಕ್ರಮದಲ್ಲಿ ಹಳದಿಗೆ ತಿರುಗುವುದರಿಂದ ಅದನ್ನು ನೆಲಕ್ಕೆ ಬಳಸುವುದು ಲೇಸು. ಹಳತಾದಂತೆ ಮಣ್ಣಿನ ಬಣ್ಣ ಇನ್ನೂ ಹೊಂದುತ್ತದೆ. ರಟ್ಟಿನ ಮೇಲುಹಾಳೆಯನ್ನು ನೀರು ಸವರಿ ಸುಲಿದರೆ ಒಳಗಿನ ಏರಿಳಿತದ ಪದರ ಹೊರಬರುತ್ತದೆ. ಅದನ್ನು ಸೀಳಿದರೆ ಒರಟು ತೊಗಟೆಯ ಕೊಂಬೆ ಸಿದ್ಧ.

ಇನ್ನು ಹೂವು. ಮುತ್ತುಗದ ಎಸಳು ಗಿಳಿಯ ಕೊಕ್ಕಿನಂತೆ ಬಾಗಿರುತ್ತದೆ. ಸಂಸ್ಕೃತದಲ್ಲಿ ಅದಕ್ಕೆ ‘ಕಿಂಶುಕ’, ಅಂದರೆ ‘ಗಿಳಿಯೇನು?’ ಎಂಬ ಹೆಸರೇ ಬಂದಿದೆ. ಲಗ್ನಪತ್ರಿಕೆಯ ಕೆಂಪು, ಕೇಸರಿ ರಟ್ಟಿನಿಂದ ಕೆಲವು ಎಸಳು. ರೇಷ್ಮೆಯ ತುಣುಕಿನಿಂದ ಕೆಲವು. ಬಟ್ಟೆಯನ್ನು ತಿಳಿಗಂಜಿಯಲ್ಲಿ ಅದ್ದಿ, ಒಣಗಿಸಿ, ಇಸ್ತ್ರಿ ಮಾಡಿದ ಮೇಲೆಯೇ ಕತ್ತರಿಸಬೇಕು; ಇಲ್ಲವಾದರೆ ಅಂಚಿನಲ್ಲಿ ನೂಲು ಬಿಡುತ್ತದೆ. ಎಸಳಿನ ಬುಡದಲ್ಲಿರುವ ಮಖಮಲ್ಲಿನಂಥ ಕಪ್ಪು ಬಟ್ಟಲಿಗೆ ಹರಿದ ಕೊಡೆಯ ಬಟ್ಟೆಗಿಂತ ಒಳ್ಳೆಯದು ಬೇರಿಲ್ಲ. ಆ ಕಪ್ಪಿಲ್ಲದೆ ಕೆಂಪು ಉರಿಯುವುದಿಲ್ಲ.

ಆತುರ ಕೂಡದು. ಎಲ್ಲವನ್ನೂ ಅಂಟಿಲ್ಲದೆ ಸುಮ್ಮನೆ ಜೋಡಿಸಿ, ಒಂದು ರಾತ್ರಿ ಹಾಗೆಯೇ ಬಿಟ್ಟು, ಬೆಳಗಿನ ಬೆಳಕಿನಲ್ಲಿ ದೂರದಿಂದ ನೋಡಬೇಕು. ಹೆಚ್ಚೆನಿಸಿದ್ದನ್ನು ತೆಗೆಯುವ ಧೈರ್ಯವಿರಬೇಕು. ಬಳಿಕ ಆಕಾಶ, ನೆಲ, ಕೊಂಬೆ, ಹೂ ಎಂಬ ಕ್ರಮದಲ್ಲಿ ಅಂಟಿಸಿ, ದಪ್ಪ ಪುಸ್ತಕಗಳ ಭಾರವಿಟ್ಟು ಒಣಗಿಸಬೇಕು. ಗುಂಡಿಗಳಂಥ ಉಬ್ಬಿದ ವಸ್ತುಗಳನ್ನು ಕೊನೆಗೆ ಇಡತಕ್ಕದ್ದು. ಬಿಸಿಲು ನೇರವಾಗಿ ಬೀಳುವ ಗೋಡೆಗೆ ಮಾತ್ರ ಚಿತ್ರವನ್ನು ತೂಗುಹಾಕಬಾರದು, ಬಣ್ಣ ಮಾಸುತ್ತದೆ.

ಚಿತ್ರದ ಬೆನ್ನು

ಕತ್ತರಿಯಾಡಿಸುವ ಮುನ್ನ ಒಂದು ಎಚ್ಚರಿಕೆ. ಒಬ್ಬರ ಕಣ್ಣಿಗೆ ಚಿಂದಿಯಾದದ್ದು ಇನ್ನೊಬ್ಬರಿಗೆ ನಿಧಿಯಾಗಿರಬಹುದು. ಆ ರೇಷ್ಮೆಯ ತುಣುಕು ಯಾರ ಸೀರೆಯದು, ಆ ಪತ್ರಿಕೆ ಯಾರ ಮದುವೆಯದು ಎಂಬುದನ್ನು ಮನೆಯ ಹಿರಿಯರಲ್ಲಿ ಕೇಳಿಯೇ ಮುಟ್ಟಬೇಕು. ಕೇಳಿದರೆ ಅಪ್ಪಣೆಯ ಜೊತೆಗೆ ಒಂದು ಕಥೆಯೂ ದೊರೆಯುತ್ತದೆ. ಅಜ್ಜಿ ಯಾವ ಹಬ್ಬಕ್ಕೆ ಆ ಸೀರೆ ಉಟ್ಟಿದ್ದರು, ಅದರ ಬೆಲೆಯೆಷ್ಟಿತ್ತು, ಕೊಂಡುತಂದವರು ಯಾರು—ಕೇಳುವವರಿಲ್ಲದೆ ಮರೆಯಾಗಬಹುದಾದ ಸಂಗತಿಗಳಿವು. ಬಟ್ಟೆ ಸವೆದರೆ ಬೇರೆ ಬಟ್ಟೆ ಬಂದೀತು. ಅದನ್ನು ಉಟ್ಟವರ ಮಾತು ಮತ್ತೆ ಬರುವುದಿಲ್ಲ.

ಮೇರಿ ಡಿಲೇನಿ ತನ್ನ ಚಿತ್ರಗಳ ಬೆನ್ನಿನ ಮೇಲೆ ಗಿಡದ ಹೆಸರು, ದಿನಾಂಕ, ಸ್ಥಳ, ಹೂವನ್ನು ಕೊಟ್ಟವರ ಹೆಸರುಗಳನ್ನು ಬರೆದಿಡುತ್ತಿದ್ದಳು. ಯುಗಾದಿಯ ಈ ಅಂಟುಚಿತ್ರದ ಹಿಂಬದಿಯಲ್ಲಿಯೂ ಹಾಗೆಯೇ ನಾಲ್ಕು ಸಾಲು ಬರೆದಿಡುವುದು ಯೋಗ್ಯ: ಈ ಎಸಳು ಇಂಥವರ ಸೀರೆಯದು, ಈ ಕಪ್ಪು ಇಂಥವರ ಕೊಡೆಯದು. ಎದುರಿನಿಂದ ನೋಡುವವರಿಗೆ ಅದು ವಸಂತ. ಹಿಂದೆ ತಿರುಗಿಸಿ ಓದುವವರಿಗೆ ಒಂದು ಮನೆತನದ ಚರಿತ್ರೆ.