ಹೃದಯದ ಲಯವೂ ಔಷಧಿಯ ಮಿತಿಯೂ

ನಮ್ಮ ಹೃದಯವು ದಿನಕ್ಕೆ ಸುಮಾರು ಒಂದು ಲಕ್ಷ ಸಲ ಮಿಡಿಯುತ್ತದೆ. ಪ್ರತಿಯೊಂದು ಮಿಡಿತಕ್ಕೂ ಮೊದಲ ಪ್ರೇರಣೆಯನ್ನು ಕೊಡುವುದು ಮಿದುಳಲ್ಲ. ಹೃದಯದ ಬಲ ಮೇಲ್ಕೋಣೆಯಲ್ಲಿರುವ ಜೀವಕಣಗಳ ಒಂದು ಸಣ್ಣ ಗಂಟು. ಅಲ್ಲಿ ಹುಟ್ಟಿದ ವಿದ್ಯುತ್ಪ್ರವಾಹವು ಮೇಲಿನ ಕೋಣೆಗಳಲ್ಲಿ ಹರಡಿ, ನಡುವಣ ಮತ್ತೊಂದು ಗಂಟಿನಲ್ಲಿ ಕ್ಷಣಕಾಲ ತಡೆದು, ಬಳಿಕ ಕೆಳಗಿನ ಕೋಣೆಗಳಿಗೆ ಇಳಿಯುತ್ತದೆ.

ಈ ವಿದ್ಯುತ್ತು ತಂತಿಯಲ್ಲಿ ಹರಿಯುವಂಥದಲ್ಲ. ಜೀವಕಣದ ಪೊರೆಯಲ್ಲಿ ಅತಿ ಸೂಕ್ಷ್ಮವಾದ ಬಾಗಿಲುಗಳುಂಟು. ಸೋಡಿಯಂ ಒಳನುಗ್ಗಿದಾಗ ಕಣವು ಪ್ರಚೋದಿತವಾಗುವುದು. ಕ್ಯಾಲ್ಸಿಯಂ ಒಳಬಂದು ಸ್ನಾಯುವನ್ನು ಸಂಕೋಚಗೊಳಿಸುವುದು. ಪೊಟ್ಯಾಸಿಯಂ ಹೊರಟಾಗ ಕಣವು ಮೊದಲಿನ ಸ್ಥಿತಿಗೆ ಮರಳುವುದು. ಈ ಚೇತರಿಕೆ ಆಗುವವರೆಗೆ ಅದು ಹೊಸ ಪ್ರೇರಣೆಗೆ ಓಗೊಡದು.

ಕೆಲವು ವೇಳೆ, ಗಾಯಗೊಂಡ ಸ್ನಾಯುವಿನ ಸುತ್ತ ಪ್ರವಾಹವು ಗಾಣದೆತ್ತಿನಂತೆ ಸುತ್ತತೊಡಗುತ್ತದೆ. ಆಗ ಲಯವು ಕೆಡುವುದು. ಇದಕ್ಕೆ ಕೊಡುವ ಔಷಧಿಗಳು ನಾಲ್ಕು ಬಗೆ. ಮೊದಲನೆಯವು ಸೋಡಿಯಮ್ಮಿನ ಬಾಗಿಲನ್ನು ತಡೆದು ಪ್ರವಾಹದ ವೇಗವನ್ನು ಕುಗ್ಗಿಸುವುವು. ಎರಡನೆಯವು ನರಗಳ ಉದ್ರೇಕವು ಹೃದಯಕ್ಕೆ ತಟ್ಟದಂತೆ ಕಾಯುವುವು. ಮೂರನೆಯವು ಪೊಟ್ಯಾಸಿಯಮ್ಮಿನ ನಿರ್ಗಮನವನ್ನು ತಡಮಾಡಿ ಚೇತರಿಕೆಯ ಕಾಲವನ್ನು ಹೆಚ್ಚಿಸುವುವು. ನಾಲ್ಕನೆಯವು ಕ್ಯಾಲ್ಸಿಯಮ್ಮನ್ನು ತಡೆದು ನಡುವಣ ಗಂಟನ್ನು ನಿಧಾನಗೊಳಿಸುವುವು.

ಮೊದಲ ಬಗೆಯ ಮದ್ದಿನ ಮೂಲವು ನಮಗೆ ಅಪರಿಚಿತವಲ್ಲ. ಮಲೆನಾಡಿನ ಚಳಿಜ್ವರಕ್ಕೆ ಕೊಡುತ್ತಿದ್ದ ಕ್ವಿನೈನನ್ನು ನುಂಗಿ ತನ್ನ ನಾಡಿಯನ್ನು ತಾನೇ ಸರಿಪಡಿಸಿಕೊಂಡ ರೋಗಿಯೊಬ್ಬನ ವಿಷಯವನ್ನು ಡಚ್ ವೈದ್ಯರಾದ ವೆಂಕೆಬಾಕರು ೧೯೧೪ರಲ್ಲಿ ಪ್ರಕಟಿಸಿದರು. ಅದೇ ಸಿಂಕೋನ ತೊಗಟೆಯ ಕ್ವಿನಿಡೀನ್ ಇನ್ನೂ ಗುಣಕಾರಿಯೆಂಬುದು ೧೯೧೮ರಲ್ಲಿ ತಿಳಿದುಬಂದಿತು.

ಆದರೆ ಲಯವನ್ನು ತಿದ್ದುವ ಮದ್ದು ಲಯವನ್ನು ಕೆಡಿಸಲೂಬಲ್ಲದು. ಹೃದಯಾಘಾತದಿಂದ ಉಳಿದವರ ತಪ್ಪುಮಿಡಿತಗಳನ್ನು ಅಡಗಿಸಿದರೆ ಆಯುಸ್ಸು ಬೆಳೆಯುವುದೆಂದು ವೈದ್ಯರು ಭಾವಿಸಿದ್ದರು. ಇದನ್ನು ಪರೀಕ್ಷಿಸಲು ೭೫೫ ಮಂದಿಗೆ ಎನ್ಕೈನೈಡ್ ಅಥವಾ ಫ್ಲೆಕೈನೈಡನ್ನೂ, ೭೪೩ ಮಂದಿಗೆ ಮದ್ದಿಲ್ಲದ ತೋರಿಕೆಯ ಗುಳಿಗೆಯನ್ನೂ ಕೊಟ್ಟರು. ೧೯೯೧ರಲ್ಲಿ ಪ್ರಕಟವಾದ ವರದಿಯಂತೆ, ಸರಾಸರಿ ಹತ್ತು ತಿಂಗಳಲ್ಲಿ ಮದ್ದು ಸೇವಿಸಿದವರಲ್ಲಿ ೬೩ ಮಂದಿಯೂ ಉಳಿದವರಲ್ಲಿ ೨೬ ಮಂದಿಯೂ ತೀರಿಕೊಂಡರು.

ಇದಕ್ಕೆ ಕಾರಣವನ್ನು ಗಾಣದೆತ್ತಿನಲ್ಲಿಯೇ ಕಾಣಬಹುದು. ಪ್ರವಾಹವು ಮೆಲ್ಲನೆ ಸುತ್ತಿದರೆ, ಅದು ಮರಳಿ ಬರುವಷ್ಟರಲ್ಲಿ ಮುಂದಿನ ಕಣಗಳು ಚೇತರಿಸಿಕೊಂಡು ದಾರಿಬಿಡುವುವು. ನಿಲ್ಲಬೇಕಾದ ಸುತ್ತು ನಿಲ್ಲದೆ ಮುಂದುವರಿಯುವುದು. ಚೇತರಿಕೆಯನ್ನು ಅತಿಯಾಗಿ ತಡಮಾಡುವ ಮದ್ದಿಗೂ ಅದರದೇ ಆದ ಅಪಾಯವುಂಟು.

ಆದಕಾರಣ ವೈದ್ಯರು ಇಂಥ ಔಷಧಿಯನ್ನು ಕೊಡುವ ಮೊದಲೂ ಕೊಟ್ಟ ಮೇಲೂ ಹೃದಯದ ವಿದ್ಯುಲ್ಲೇಖವನ್ನು ನೋಡುತ್ತಾರೆ. ನೆರೆಯವನಿಗೆ ಗುಣ ಕೊಟ್ಟ ಗುಳಿಗೆಯನ್ನು ನಾವೂ ನುಂಗುವುದಾಗಲಿ, ನಮಗೆ ಕೊಟ್ಟುದನ್ನು ನಾವೇ ನಿಲ್ಲಿಸುವುದಾಗಲಿ ತರವಲ್ಲ. ನಾಡಿ ನೆಟ್ಟಗಾದ ಮಾತ್ರಕ್ಕೆ ಪ್ರಾಣವು ಸುರಕ್ಷಿತವಾಯಿತೆಂದು ತಿಳಿಯಲಾಗದು.