ಮೂಕಚಿತ್ರಕ್ಕೆ ಬಂದ ರಾಜಾಜ್ಞೆ

ಜಹೀರಾಬಾದ್ ಮತ್ತು ನಾರಾಯಣಖೇಡಗಳು 1956ರವರೆಗೆ ಬೀದರ ಜಿಲ್ಲೆಗೂ, ತಾಂಡೂರು ಗುಲ್ಬರ್ಗಾ ಜಿಲ್ಲೆಗೂ ಸೇರಿದ್ದವೆಂಬುದು ನಮ್ಮ ಹಿರಿಯರಿಗೆ ತಿಳಿದ ಸಂಗತಿಯೇ. ಅದಕ್ಕೂ ಹಿಂದೆ ಇವೆಲ್ಲವೂ ನಿಜಾಮರ ಸಂಸ್ಥಾನದ ಊರುಗಳು. ಆದುದರಿಂದ ಹೈದರಾಬಾದಿನ ಮೂಕಚಿತ್ರಗಳ ಕಥೆ ನಮ್ಮ ಹಿಂದಿನ ರಾಜಧಾನಿಯ ಕಥೆಯೂ ಹೌದು.

ಬಂಗಾಳದ ಧೀರೇಂದ್ರನಾಥ ಗಂಗೂಲಿಯವರು ಹೈದರಾಬಾದಿನ ಕಲಾಶಾಲೆಯಲ್ಲಿ ಮುಖ್ಯೋಪಾಧ್ಯಾಯರಾಗಿದ್ದವರು. ಅವರು ಕಥೆ ಬರೆದು ನಟಿಸಿದ 'ಬಿಲಾತ್ ಫೆರತ್' 1921ರಲ್ಲಿ ತೆರೆಕಂಡಿತು. ವಿಲಾಯತಿಯಿಂದ ಮರಳಿದ ತರುಣನ ಪ್ರಣಯವೂ ಮನೆತನದ ಹಳೆಯ ಕಟ್ಟಳೆಗಳೂ ಪರಸ್ಪರ ತಿಕ್ಕಾಡುವ ನಗೆಚಿತ್ರವದು. ಮರುವರ್ಷ ಅವರು ನಿಜಾಮರ ಆಶ್ರಯದಲ್ಲಿ ಹೈದರಾಬಾದಿನಲ್ಲಿಯೇ ಲೋಟಸ್ ಫಿಲ್ಮ್ ಕಂಪನಿಯನ್ನು ಸ್ಥಾಪಿಸಿ, 'ಲೇಡಿ ಟೀಚರ್', 'ಇಂದ್ರಜಿತ್', 'ಹರಗೌರಿ' ಮೊದಲಾದ ಚಿತ್ರಗಳನ್ನು ತಯಾರಿಸಿದರು.

ಮೂಕಚಿತ್ರಕ್ಕೆ ಭಾಷೆಯ ಗಡಿಯಿರಲಿಲ್ಲ. ನಡುನಡುವೆ ತೋರುತ್ತಿದ್ದ ಬರಹವನ್ನು ಓದಬಲ್ಲವನೊಬ್ಬ ಗಟ್ಟಿಯಾಗಿ ಓದಿ ಹೇಳಿದರೆ ಸಾಕು. ಉಳಿದುದನ್ನು ಕಣ್ಣೇ ಅರಿಯುತ್ತಿತ್ತು.

ಆದರೆ ಗಡಿ ಬೇರೆಡೆ ಎದುರಾಯಿತು. 1924ರಲ್ಲಿ ಗಂಗೂಲಿಯವರು ಮುಂಬಯಿಯಲ್ಲಿ ತಯಾರಾದ 'ರಜಿಯಾ ಬೇಗಂ' ಚಿತ್ರವನ್ನು ಪ್ರದರ್ಶಿಸಿದರು. ದಿಲ್ಲಿಯ ಸುಲ್ತಾನೆ ರಜಿಯಾ, ಅಶ್ವಶಾಲೆಯ ಅಧಿಕಾರಿ ಯಾಕೂತನಿಗೆ ಒಲವು ತೋರಿದುದರಿಂದ ಸರದಾರರ ಕೋಪಕ್ಕೆ ಗುರಿಯಾದಳೆಂದು ಚರಿತ್ರೆಯಲ್ಲಿ ಓದುತ್ತೇವೆ. ಚಿತ್ರದಲ್ಲಿಯಾದರೋ ಆಕೆ ಹಿಂದೂ ಒಬ್ಬನನ್ನು ಪ್ರೀತಿಸುತ್ತಾಳೆ. ನಿಜಾಮರು ಮುನಿದರು. ಸಂಸ್ಥಾನವನ್ನು ಬಿಟ್ಟು ತೆರಳುವಂತೆ ಗಂಗೂಲಿಯವರಿಗೆ ಆಜ್ಞೆಯಾಯಿತು. ಕಂಪನಿ ಮುಚ್ಚಿತು, ಅವರು ಕಲಕತ್ತೆಗೆ ಹಿಂದಿರುಗಿದರು. 1975ರಲ್ಲಿ ಅವರಿಗೆ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಸಂದಿತು.

ರಾಜಾಜ್ಞೆ ಕಂಪನಿಯೊಂದನ್ನು ಮುಚ್ಚಿಸಿತು. ಚಿತ್ರಗಳನ್ನು ಅಳಿಸಿದ್ದು ಅಲಕ್ಷ್ಯ. ಭಾರತದಲ್ಲಿ ತಯಾರಾದ ಸಾವಿರಕ್ಕೂ ಮಿಕ್ಕಿದ ಮೂಕಚಿತ್ರಗಳಲ್ಲಿ ಬಹುಪಾಲು ಇಂದು ಉಳಿದಿಲ್ಲ. ಆ ಕಾಲದ ಸುರುಳಿಗಳು ಬೇಗನೆ ಬೆಂಕಿ ಹತ್ತುವಂಥವು. ಹಲವು ಸುಟ್ಟುಹೋದವು, ಕೆಲವು ಕೊಳೆತವು. ಬೆಳ್ಳಿಯ ಅಂಶಕ್ಕಾಗಿ ಕರಗಿಸಿದವೂ ಉಂಟು.

ಗಡಿಯಾಚೆಯ ಕನ್ನಡಿಗರಾದ ನಮಗೆ ಇದು ಕೇವಲ ಸಿನಿಮಾದ ಮಾತಲ್ಲ. ನಮ್ಮ ಟ್ರಂಕುಗಳಲ್ಲಿಯೂ ಹಳೆಯ ಭಾವಚಿತ್ರಗಳು, ಬಯಲಾಟದ ಕೈಬರಹದ ಪುಸ್ತಕಗಳು, ಕನ್ನಡದ ಲಗ್ನಪತ್ರಿಕೆಗಳು ಮೂಕವಾಗಿ ಬಿದ್ದಿವೆ. ಮಕ್ಕಳಿಗೆ ತೆಲುಗಿನ ಓದು ಅಗತ್ಯ, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಚಿತ್ರದಲ್ಲಿರುವವರು ಯಾರೆಂದು ಹೇಳಬಲ್ಲ ಅಜ್ಜಿ ಇರುವಾಗಲೇ, ಅದರ ಹಿಂಬದಿಯಲ್ಲಿ ಹೆಸರನ್ನೂ ವರ್ಷವನ್ನೂ ಕನ್ನಡದಲ್ಲಿ ಮಕ್ಕಳ ಕೈಯಿಂದ ಬರೆಯಿಸೋಣ. ಓದಿ ಹೇಳುವವರಿದ್ದರೆ ಮೂಕಚಿತ್ರವೂ ಮಾತನಾಡುತ್ತದೆ.