ಕೆಲಸದಲ್ಲಿ ಬಿದ್ದರೆ

ಆಕೆ ಖಾಸಗಿ ಶಾಲೆಯ ವ್ಯಾನಿನಲ್ಲಿ ಆಯಾ. ಮಕ್ಕಳನ್ನು ಇಳಿಸುವಾಗ ಜಾರಿ ಬಿದ್ದಳು. ಕೈ ಮುರಿಯಿತು. "ಆಸ್ಪತ್ರೇಲಿ, ಮನೇಲಿ ಬಿದ್ದೆ ಅಂತ ಬರೆಸಮ್ಮ" ಅಂದರು ಶಾಲೆಯವರು.

ಹಾಗೆ ಬರೆಸಬೇಡಿ ಅಕ್ಕ! ಕೆಲಸದಲ್ಲಿ ಗಾಯವಾದರೆ ಪರಿಹಾರ ಉಂಟು. ಅದು ದಾನವಲ್ಲ, ಕಾನೂನು.

ಸಂಬಳದಲ್ಲಿ ಇ.ಎಸ್.ಐ. ಹಣ ಹಿಡಿಯುತ್ತಾರಾ? ಅದು ಸರ್ಕಾರದ ವಿಮೆ. ಅದರ ಆಸ್ಪತ್ರೆಯಲ್ಲಿ ಚಿಕಿತ್ಸೆ ಪುಕ್ಕಟೆ. ಕೈ ಕೂಡುವವರೆಗೆ ದಿನಗೂಲಿ 100 ರೂಪಾಯಿಗೆ 90ರಂತೆ ಬರುತ್ತದೆ. ನಿನ್ನೆ ಸೇರಿದವರಿಗೂ ಇದುಂಟು.

ಇ.ಎಸ್.ಐ. ಇಲ್ಲವೇ? ಆಗ ಶಾಲೆಯ ಮಾಲೀಕರೇ ಕೊಡಬೇಕು. ಕೊಡದಿದ್ದರೆ 2 ವರ್ಷದೊಳಗೆ ಅರ್ಜಿ ಹಾಕಿ. ಹೆಣ್ಣುಮಕ್ಕಳಿಗೆ ವಕೀಲರ ನೆರವು ಪುಕ್ಕಟೆ; ತಾಲ್ಲೂಕು ಕೋರ್ಟಿನಲ್ಲಿ ಕೇಳಿ.

ಬಿದ್ದ ದಿನವೇ ಶಾಲೆಯಲ್ಲಿ ಬರೆಸಿ. ದಿನ, ವೇಳೆ, ನೋಡಿದವರ ಹೆಸರು ಇರಲಿ. ಓದಿ ನೋಡಿ, ಆಮೇಲೆ ಸಹಿ ಹಾಕಿ. ಈಗ ಓದೋಕೆ ಬರುತ್ತಲ್ಲ!